ಹಳದಿ ಫಾರಂ, ನೀಲಿ ಫಾರಂ

ಸಂಶೋಧಕಿ ಮೇಡಂ ಅವರಿಗೆ,

ನಮಸ್ಕಾರ. ಗಲ್ಲು ಬೇಕೋ, ಜೀವಾವಧಿ ಸಾಕೋ ಅಂತ ನಮ್ಮಂಥವರನ್ನು ಕೇಳಿ ಪುಸ್ತಕ ಬರೆಯೋಕೆ ನೀವು ಕಳಿಸಿದ ಫಾರಂ ಬಂತು. ಒಂದಲ್ಲ, ಎರಡು. ಕೊಲೆಯಾದವರ ಮನೆಯವರಿಗೆ ಹಳದಿ, ಕೊಲೆ ಮಾಡಿದವರ ಮನೆಯವರಿಗೆ ನೀಲಿ. ಎರಡರ ಮೇಲೂ ನನ್ನದೇ ಹೆಸರು. ಕವರಿಗೆ ತುಂಬುವಾಗ ನಿಮ್ಮಲ್ಲಿ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಪಾಪ, ಓದಿದವರಿಗೆ ಓದೋಕೆ ಪುರುಸೊತ್ತೆಲ್ಲಿ.

ಫೋನ್ ಮಾಡಿದರೆ, "ಯಾವುದಾದರೂ ಒಂದೇ ತುಂಬಿ ಅಮ್ಮ, ಎರಡೂ ಬಂದರೆ ಲೆಕ್ಕ ತಪ್ಪುತ್ತೆ" ಅಂದಿರಿ. ನನ್ನ ಚಿಕ್ಕ ಮಗನನ್ನು ಕೊಂದವನು ನನ್ನ ದೊಡ್ಡ ಮಗ ಅಂತ ನಾನು ಹೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಹತ್ತನೇ ಪ್ರಶ್ನೆ ಓದಿದೆ. ಯಾವ ಶಿಕ್ಷೆಯಿಂದ ಎಷ್ಟು ಸಮಾಧಾನ, ಐದಕ್ಕೆ ಅಂಕ ಕೊಡಬೇಕಂತೆ. ನಾನು ಟೈಲರ್. ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗ್ತಾನೆ. ನಿಮಗೆ ಅದಕ್ಕೇ ಡಾಕ್ಟರೇಟ್ ಕೊಡ್ತಾರೆ.

ಭಾನುವಾರ ಫಾರಂ ತಗೊಂಡು ಹೋಗೋಕೆ ಯಾರನ್ನೂ ಕಳಿಸಬೇಡಿ. ಅವತ್ತು ಜೈಲಿಗೆ ಹೋಗಬೇಕು. ಸೋಮವಾರ ದೊಡ್ಡವನಿಗೆ ಶಿಕ್ಷೆ ಏನು ಅಂತ ಹೇಳ್ತಾರೆ. ಕೋರ್ಟಿಗೆ ಹಾಕಿಕೊಳ್ಳೋಕೆ ಅವನ ಹತ್ತಿರ ಒಳ್ಳೆ ಅಂಗಿ ಇಲ್ಲ. ಅವನ ತಮ್ಮನ ಅಂಗಿಯನ್ನೇ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ತಿದ್ದೇನೆ. ದೊಡ್ಡವನ ಕುತ್ತಿಗೆ ದಪ್ಪ. ಹಾಗಾಗಿ ಹೊಸ ಕಾಲರಿನ ಅಳತೆಗೆ ನಿಮ್ಮ ಹಳದಿ, ನೀಲಿ ಎರಡನ್ನೂ ಅಂಟಿಸಿ ಪೇಪರ್ ಕಟಿಂಗ್ ಮಾಡಿಕೊಂಡೆ. ಕಾಗದ ಮಾತ್ರ ಗಟ್ಟಿಯಾಗಿದೆ.

ಇಂತಿ,
ಇಬ್ಬರ ತಾಯಿ