ಮೂರು ದಿನಕ್ಕೆ ಹೋಗುತ್ತೆ ಅಂದಿದ್ದೆ

ಪುಟ್ಟೀ,

ನಿನ್ನನ್ನು ಮಣ್ಣು ಮಾಡಿ ಎಂಟು ತಿಂಗಳಾದ ಮೇಲೆ, ಇವತ್ತು, ನೀನಿದ್ದಾಗ ಬರೆದು ಕಳಿಸಿದ್ದ ದೆವ್ವದ ಕಥೆ ಅಚ್ಚಾದದ್ದನ್ನು ಓದಿದೆ ಕಣೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ಇಸ್ತ್ರಿ ಮಾಡುವವಳು ಪತ್ರಿಕೆ ತಂದು, "ನಿನ್ನ ತಂಗಿ ಬರೆದದ್ದು ಅಕ್ಕಾ. ನಮ್ಮ ಮೇಸ್ತ್ರಿಗಿಂತ ಭಯಂಕರ ದೆವ್ವವಾ ನೋಡೋಣ, ಗಟ್ಟಿಯಾಗಿ ಓದು" ಅಂದಳು.

ಕಥೆಯ ದೆವ್ವಕ್ಕೆ ಹೆಸರಿಲ್ಲ, ಬರೀ "ಅದು". ಬಂದರೆ ಹುಡುಗಿಯ ಎದೆ ಮೇಲೆ ಕೂರುತ್ತೆ, ಮುಖ ತೊಳೆಯಲೂ ಏಳಗೊಡುವುದಿಲ್ಲ. ಅವಳು ಅಕ್ಕನಿಗೆ ಫೋನು ಮಾಡಿ "ಅದು ಮತ್ತೆ ಬಂದಿದೆ" ಅನ್ನುತ್ತಾಳೆ. "ಬಿಸಿನೀರು ಕುಡಿದು ಮಲಗೇ, ಮೂರು ದಿನಕ್ಕೆ ಹೋಗುತ್ತೆ" ಅನ್ನುತ್ತಾಳೆ ಅಕ್ಕ. ಎದೆ ಮೇಲೆ ಕೂತದ್ದು ಅದನ್ನು ಕೇಳಿ ನಗುತ್ತೆ.

ಜೊತೆಯವಳೂ ನಕ್ಕಳು. ನಾನು ಪತ್ರಿಕೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ನೀನು ಫೋನಿನಲ್ಲಿ "ಅದು ಮತ್ತೆ ಬಂದಿದೆ" ಅಂದಾಗಲೆಲ್ಲ ನಾನು ತಿಂಗಳ ಮುಟ್ಟು ಅಂದುಕೊಂಡಿದ್ದೆ ಪುಟ್ಟೀ, ದೇವರಾಣೆ. ಒಂದೇ ತಿಂಗಳಲ್ಲಿ ಮೂರು ಸಲ ಹೇಳಿದರೂ, ಅದೆಂಥದ್ದೇ, ಮನಸ್ಸಿಗೇನಾಗಿದೆಯೇ ಅಂತ ಕೇಳಲಿಲ್ಲ.

ಉಳಿದದ್ದನ್ನು ಮನೆಗೆ ಬಂದು ಓದಿದೆ. ಅಕ್ಕನನ್ನು ನೀನು ಒಂದು ಮಾತೂ ಬೈದಿಲ್ಲ. "ಅಕ್ಕನಿಗೆ ಪ್ರಾರ್ಥನೆಯ ಹೊತ್ತಾಯಿತು" ಅಂತ ಹುಡುಗಿಯೇ ಫೋನು ಇಡುತ್ತಾಳೆ.

ಇಷ್ಟು ವರ್ಷ ಆ ಹೊತ್ತಿಗೆ ಫೋನು ಆಫ್ ಮಾಡುತ್ತಿದ್ದೆ. ಇವತ್ತು ಆಫ್ ಮಾಡದೆ ಮಡಿಲಲ್ಲಿಟ್ಟುಕೊಂಡೇ ದೇವರ ಮುಂದೆ ಕೂತೆ.

ನಿನ್ನ ಅಕ್ಕ