ಬಾವಿಯಿಂದ ಆಚೆ ಕಲ್ಲಿನವರೆಗೆ

ಶ್ರೀರಂಗಪಟ್ಟಣ, ಹಾಸ್ಟೆಲ್
ಭಾನುವಾರ, 29-9-1996

ಅಕ್ಕನಿಗೆ ನಿನ್ನ ಸಹನ ಮಾಡುವ ನಮಸ್ಕಾರ.

ನೀನೂ ಮಗುವೂ ಚೆನ್ನಾಗಿದ್ದೀರೆಂದು ದೇವರಾಜು ಭಾವ ನಾಗಮಂಗಲದಿಂದ ಹಾಕಿದ ಕಾರ್ಡಿನಿಂದ ತಿಳಿಯಿತು. ಕಾರ್ಡು ಬಂದು ಬಹಳ ದಿನವಾಯಿತು, ಬೇಜಾರು ಮಾಡಿಕೊಳ್ಳಬೇಡ. ಟೆಸ್ಟ್ ಇತ್ತು ಅಂತ ಬರೆಯಬಹುದು, ಟೆಸ್ಟ್ ಇದ್ದದ್ದೂ ನಿಜ. ಆದರೆ ಕಾರಣ ಅದಲ್ಲ. ಬರೆಯಲು ಕೂತಾಗಲೆಲ್ಲ ಮಗು ಹೇಗಿದೆ ಅನ್ನುವ ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು.

ಇಲ್ಲಿ ಎಲ್ಲ ನಾರ್ಮಲ್. ಫಸ್ಟ್ ಪಿಯುಸಿ ಅಂದರೆ ಇಷ್ಟು ಟೆನ್ಷನ್ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿಯರು ಲೆಕ್ಚರರ್ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಾರೆ. ಉತ್ತರ ಗೊತ್ತಿದ್ದರೂ ನನ್ನ ಕೈ ಡೆಸ್ಕಿನ ಮೇಲೇ ಇರುತ್ತದೆ. ಮ್ಯಾಥ್ಸ್ ಒಂದರಲ್ಲಿ ಮಾತ್ರ ಭಯವಿರಲಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಿನ್ನ ಬಾಗಿನ ತಲುಪಿತು ಅಂದುಕೊಂಡಿದ್ದೇನೆ. ಅಪ್ಪನೇ ಸಂತೆಬಾಚಹಳ್ಳಿಗೆ ಹೋಗಿ ಬಳೆ ಆರಿಸಿ ತಂದ. ಅಂದು ಹೊಲದಲ್ಲಿ ನಡೆದದ್ದನ್ನು ಬಾಣಂತಿಯ ಕಿವಿಗೆ ಹಾಕಬೇಡ ಅಂತ ಅವನು ಹೇಳಿದ್ದಾನೆ. ಆದರೆ ನಿನಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.

ಕೆರೆ ಪಕ್ಕದ ಹೊಲದ ವಿಷಯ. ತಾತ ಅದನ್ನು ಪಾಲು ಮಾಡಿದಾಗ ಮೂಡಲ ಕಡೆಯದು ಅಪ್ಪನಿಗೆ, ಪಡುವಲದ್ದು ಕರಿಯಪ್ಪ ಚಿಕ್ಕಪ್ಪನಿಗೆ, ನಡುವಿನ ಬಾವಿ ಇಬ್ಬರಿಗೂ ಅಂತ ಮಾಡಿದ್ದನಲ್ಲ. ಬಾವಿಯಿಂದ ರಸ್ತೆ ಕಡೆಗೆ ಹಗ್ಗ ಎಳೆದು ಒಂದು ಕಲ್ಲು ನೆಟ್ಟ. ಅದೇ ನೇರಕ್ಕೆ, ಅದೇ ಹಗ್ಗದ ಅಳತೆಗೆ, ಕೆರೆ ಕಡೆಗೆ ಇನ್ನೊಂದು. ಕೆರೆ ಹೂಳು ತೆಗೆದ ವರ್ಷ ಬುಲ್ಡೋಜರು ಆ ಕೆರೆ ಕಡೆಯ ಕಲ್ಲನ್ನೂ ಬದುವನ್ನೂ ಎತ್ತಲೋ ತಳ್ಳಿಬಿಟ್ಟಿತು. ಆ ತುದಿ ಬೀಳು ಬಿದ್ದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಚಿಕ್ಕಪ್ಪ ಅಲ್ಲಿಯವರೆಗೂ ಕಬ್ಬು ಹಾಕುತ್ತೇನೆ ಅಂದ. ಗಡಿ ಎಲ್ಲಿ ಅನ್ನುವ ಮಾತು ಬಂತು.

ರಸ್ತೆ ಕಲ್ಲಿನ ಹತ್ತಿರ ಕೂತು ಕಣ್ಣಳತೆ ನೋಡಿದರು. ಅಪ್ಪ ನೋಡಿದ್ದು ಬಾವಿಯ ಪಡುವಲ ಗೋಡೆಯ ಮೇಲೆ ಹಾಯುವ ಹಾಗೆ, ಚಿಕ್ಕಪ್ಪ ಮೂಡಲ ಗೋಡೆಯ ಮೇಲೆ. ಬಾವಿ ಪೂರ್ತಿ ತಂತಮ್ಮ ಕಡೆಗೇ ಬರಬೇಕು ಇಬ್ಬರಿಗೂ. ಅಂದು ತಾತನ ಜೊತೆ ಹಗ್ಗ ಹಿಡಿದಿದ್ದ ದಾಸಯ್ಯ ನಕ್ಕುಬಿಟ್ಟ. "ಲೇ, ಗಡಿ ನೋಡ್ರಲಾ ಅಂದ್ರೆ ಇಬ್ರೂವೆ ಬಾವಿನೇ ಒತ್ಕಂಡು ಓಯ್ತಾ ಇದ್ದೀರಲ್ಲಾ" ಅಂದ.

ಕೂಸು ಲೆಕ್ಕ ಓದುತ್ತಿದೆ, ಅದೇ ಹೇಳಲಿ, ನನಗೂ ಮಗಳೇ ತಾನೆ ಅಂದದ್ದು ಚಿಕ್ಕಪ್ಪ. ಅಪ್ಪ ಒಪ್ಪಿದ. ನನಗೆ ಖುಷಿಯಾಯಿತು ಅಕ್ಕ. ಕ್ಲಾಸಿನಲ್ಲಿ ಎತ್ತದ ಕೈಯನ್ನು ಅಲ್ಲಿ ಎತ್ತಿದ ಹಾಗೆ.

ಮಿಡ್‌ಪಾಯಿಂಟ್ ಫಾರ್ಮುಲಾ. ಎರಡು ತುದಿ ಗೊತ್ತಿದ್ದರೆ ಕೂಡಿಸಿ ಅರ್ಧ ಮಾಡಿದರೆ ನಡು ಸಿಗುತ್ತದೆ. ನಡುವೂ ಒಂದು ತುದಿಯೂ ಗೊತ್ತಿದ್ದರೆ, ನಡುವನ್ನು ಎರಡರಷ್ಟು ಮಾಡಿ ಗೊತ್ತಿರುವ ತುದಿಯನ್ನು ಕಳೆದರೆ ಕಳೆದುಹೋದ ತುದಿ. ಹೊಲದ ರಸ್ತೆ ಬದಿಯ ಪಡುವಲ ಮೂಲೆಯಿಂದ ಅಳೆದೆವು. ರಸ್ತೆ ಕಲ್ಲು ಮೂಡಲಿಗೆ ನಾಲ್ಕು ಗಜ, ಕೆರೆ ದಿಕ್ಕಿಗೆ ಸೊನ್ನೆ. ಬಾವಿಯ ನಟ್ಟನಡು ಮೂಡಲಿಗೆ ಒಂಬತ್ತು, ಕೆರೆ ದಿಕ್ಕಿಗೆ ಮೂವತ್ತು. ಹಾಗಾದರೆ ಕಳೆದ ಕಲ್ಲು ಮೂಡಲಿಗೆ ಹದಿನಾಲ್ಕು, ಕೆರೆ ದಿಕ್ಕಿಗೆ ಅರವತ್ತು. ಅವರಿಗೆ ಬಿಡಿಸಿ ಹೇಳಿದೆ: ಕಲ್ಲಿನಿಂದ ಬಾವಿಗೆ ಬರುವಷ್ಟರಲ್ಲಿ ಗಡಿ ಐದು ಗಜ ಮೂಡಲಿಗೆ ವಾಲಿದೆ, ಬಾವಿಯಿಂದ ಆಚೆಗೂ ಐದೇ ಗಜ ವಾಲಬೇಕು. ಒಂದೇ ಹಗ್ಗವಲ್ಲವಾ ಅಂತ ದಾಸಯ್ಯನನ್ನು ಕೇಳಿದೆ. ಒಂದೇ ಹಗ್ಗ ಅಂದ.

ಗೂಟ ಹೊಡೆದು, ಬಾವಿಯಿಂದ ದಾರ ಕಟ್ಟಿದರು.

ಅವ್ವನನ್ನು ಮಣ್ಣು ಮಾಡಿದ ಗುಡ್ಡೆ ದಾರದ ಆಚೆಗೆ ಹೋಯಿತು. ಚಿಕ್ಕಪ್ಪನ ಕಡೆಗೆ.

ನಾನು ಗ್ರಾಫ್ ಶೀಟಿನಲ್ಲಿ ಅವ್ವನನ್ನು ಗುರುತು ಮಾಡಿರಲಿಲ್ಲ. ಲೆಕ್ಕದಲ್ಲಿ ಕೇಳಿದ್ದು ಆ ಪಾಯಿಂಟ್ ಅಲ್ಲ.

ಅವ್ವ ಹೋದಾಗ ನಮ್ಮ ಪಾಲಿನ ಅಂಚು ಇದೇ ಅಂತ ಅಪ್ಪ ಕಣ್ಣಳತೆಯಲ್ಲೇ ಜಾಗ ತೋರಿಸಿದ್ದ. ಗುಂಡಿ ತೋಡಿದವರಲ್ಲಿ ಚಿಕ್ಕಪ್ಪನೂ ಇದ್ದ. ಅವನಿಗೂ ಹೊಳೆದಿರಲಿಲ್ಲ. ಈಗ ಅವನೇ ದಾರದ ಕಡೆ ನೋಡಲಾರದೆ ಬೀಡಿ ಹುಡುಕುತ್ತಿದ್ದ. ಅಲ್ಲೊಂದು ಚೂರು ಗೆರೆ ಬಳಸಿ ಹೋಗಲಿ ಅಂತ ದಾಸಯ್ಯ ಅಂದ. ಚಿಕ್ಕಪ್ಪ ಹೂಂ ಅಂದ. ಅಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ.

"ಲೆಕ್ಕ ಸರಿಯಾಗೇ ಅದಾ ಮಗ?"

"ಸರಿಯಾಗೇ ಅದೆ ಅಪ್ಪ."

"ಅಂಗಾರೆ ಬುಡಿ. ನಮ್ಮಪ್ಪ ಎಳ್ದಿದ್ ಗೆರೆಯ ನಾನ್ಯಾಕೆ ಸೊಟ್ಟ ಮಾಡ್ಲಿ."

ಮನೆಗೆ ಬಂದು ಉಂಡೆವು. ಕಡುಬು ಮಾಡಿದ್ದೆ. ಸೋಮಮ್ಮ ಚಿಕ್ಕಮ್ಮ ಬಂದು, ಅಕ್ಕಯ್ಯನ ಜಾಗಕ್ಕೆ ನೇಗಿಲು ತಾಗಿಸುವುದಿಲ್ಲ, ಸುತ್ತ ಬಿಟ್ಟು ಕಬ್ಬು ಹಾಕುತ್ತೇವೆ ಅಂತ ಹೇಳಿ ಹೋದಳು. ಒಳ್ಳೆಯ ಮಾತೇ. ನನಗೆ ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಹಾಸ್ಟೆಲಿಗೆ ವಾಪಸ್ ಬರುತ್ತ ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಎಲ್ಲಿಗೆ ಅಂತ ಕೇಳಿದ, ಹೋಗಬೇಕಾದ ಊರಿನ ಹೆಸರು ಬಾಯಿಗೇ ಬರಲಿಲ್ಲ. ಅಷ್ಟೆ. ಟೆಸ್ಟಿನಲ್ಲಿ ಇದೇ ಲೆಕ್ಕ ಬಂದಿತ್ತು. ಮಾಡದೆ ಬಿಟ್ಟುಬಂದೆ.

ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೋ. ಮಗು ನೂರು ಕಾಲ ಬಾಳಲಿ. ಭಾವನಿಗೆ, ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಸಹನ

ಮರೆತ ಮಾತು, 13-10-96: ಇದನ್ನು ಪೋಸ್ಟ್ ಮಾಡಲಾಗದೆ ಬ್ಯಾಗಿನಲ್ಲೇ ಇಟ್ಟುಕೊಂಡು ಮಾಲಯ ಅಮಾವಾಸ್ಯೆಗೆ ಊರಿಗೆ ಹೋಗಿ ಬಂದೆ. ನಿನ್ನೆ ಅವ್ವನಿಗೆ ಎಡೆ ಇಡಲು ಹೋದೆವು. ಗೂಟದ ಹತ್ತಿರ ಬಂದ ಅಪ್ಪ ನಿಂತುಬಿಟ್ಟ. ಕೈಯಲ್ಲಿ ಎಲೆ, ಅದರ ಮೇಲೆ ಅವ್ವನಿಗೆ ಸೇರುತ್ತಿದ್ದ ಮೀನು ಸಾರು, ಮುದ್ದೆ. ಅತ್ತ ಚಿಕ್ಕಪ್ಪ ದನಕ್ಕೆ ಹುಲ್ಲು ಕೊಯ್ಯುತ್ತಿದ್ದ. ಅಪ್ಪ ಅವನನ್ನು ಕೂಗಿ, "ಕರಿಯಪ್ಪ, ಬರ್ಲಾ?" ಅಂದ. ಚಿಕ್ಕಪ್ಪ ಕುಡುಗೋಲು ಕೆಳಗಿಟ್ಟು, "ಇದೇನಣ್ಣ ಇಂಗ್ ಕೇಳ್ತೀಯಾ" ಅಂದ. ಆಮೇಲೂ ಅಪ್ಪ ಅಲ್ಲೇ ನಿಂತಿದ್ದ. ಬಾ ಅನ್ನುವ ಮಾತು ಬಂದ ಮೇಲೆಯೇ ಹೆಜ್ಜೆ ಇಟ್ಟ. ನಾನೂ ಅಷ್ಟು ಹೊತ್ತು ಈಚೆಗೇ ನಿಂತಿದ್ದೆ ಅಕ್ಕ.