ಮಗ್ಗಿ ಬಾರದ ಸಾಕ್ಷಿ

ಮಾರ್ಚ್ ೧೧, ಮಂಗಳವಾರ

ಇಡೀ ಹೈಕೋರ್ಟಿನಲ್ಲಿ ನನ್ನಷ್ಟು ಕಾನೂನು ಬಲ್ಲವನಿಲ್ಲ. ತಂಗಿಯ ಪುಟ್ಟ ಮಗಳ ಮೇಲೆ ಕೈಹಾಕಿದ ಟ್ಯೂಷನ್ ಮೇಷ್ಟರ ಶಿಕ್ಷೆ ಇವತ್ತು ಮೇಲ್ಮನವಿಯಲ್ಲೂ ಉಳಿಯಿತು.

"ಸೋದರಮಾವನೇ ಹೇಳಿಕೊಟ್ಟು ಸಾಕ್ಷಿ ನುಡಿಸಿದ್ದಾನೆ" ಎಂದು ಅವನ ವಕೀಲ ಅರಚಿದ. ಅಯ್ಯಾ, ಎರಡು ತಿಂಗಳು ಗುದ್ದಾಡಿ ಅವಳಿಗೆ ಏಳರ ಮಗ್ಗಿ ಕಲಿಸಲಾಗದವನು ನಾನು! ಮೇಷ್ಟರ ಕೋಣೆಯ ಬಾಗಿಲು ಒಮ್ಮೆ ನೀಲಿ, ಒಮ್ಮೆ ಹಸಿರು ಎಂದು ಮಗು ಸಾಕ್ಷಿಯಲ್ಲಿ ಹೇಳಿದ್ದಾಳಂತೆ, ಹಾಗಾಗಿ ಎಲ್ಲವೂ ಸುಳ್ಳಂತೆ.

"ಬಾಯಿಪಾಠ ಮಾಡಿಸಿದ್ರೆ ಒಂದೇ ಬಣ್ಣ ಹೇಳ್ತಿದ್ದಳಲ್ರೀ. ಅವನು ಮಾಡಿದ್ದನ್ನ ಮಾತ್ರ ಒಂದು ಸಲಾನೂ ಬದಲಾಯಿಸಿಲ್ಲ" ಎಂದರು ನ್ಯಾಯಮೂರ್ತಿ. ಎದ್ದು ಶಿಳ್ಳೆ ಹಾಕಬೇಕೆನಿಸಿತು; ತಂಗಿ ಅಂಗಿ ಹಿಡಿದೆಳೆದಳು.

"ನಾನೇ ಹೇಳಿಕೊಟ್ಟೆ" ಎಂದು ಬರೆದುಕೊಡಲು ಮೇಷ್ಟರ ಅಣ್ಣ ನನಗೆ ಹಣ ತಂದಿದ್ದ. ಐದು ಲಕ್ಷವನ್ನು ಒದ್ದು ಕಳಿಸಿದೆನೆಂದು ತಂಗಿಗೆ ಹೇಳಿದ್ದೇನೆ. ಐದು ಲಕ್ಷ ತಂದಿದ್ದರೂ ಒದೆಯುತ್ತಿದ್ದೆ, ಹಾಳಾದವನು ಅಷ್ಟು ತರಲಿಲ್ಲ. ಅವನು ತಂದದ್ದು, ನಾನು ಒದ್ದು ಕಳೆದುಕೊಂಡದ್ದು, ನಿಜಕ್ಕೂ ಹದಿನೆಂಟು ಸಾವಿರ.